ಗುಟುಕು ಕೊಡುವ ಕೈ

ಒಂಬತ್ತನೇ ತರಗತಿಯ ಹುಡುಗನೊಬ್ಬ ಮನೆಯಲ್ಲಿ ಹಠ ಹಿಡಿದಿದ್ದಾನೆ ಎಂದು ಇಟ್ಟುಕೊಳ್ಳೋಣ. ಅವನಿಗೆ ಮಕಾವ್ ಗಿಳಿ ಬೇಕು. ಬೆನ್ನೆಲ್ಲ ನೀಲಿ, ಎದೆಯೆಲ್ಲ ಅರಿಶಿನ ಬಳಿದಂತಹ ಹಳದಿ, ಹಣೆಯ ಮೇಲೆ ಒಂದಿಷ್ಟು ಹಸಿರು, ಮೊಳದುದ್ದದ ಬಾಲ. ಗೆಳೆಯನ ಮೊಬೈಲಿನಲ್ಲಿ ಅದರ ಚಿತ್ರ ನೋಡಿದಂದಿನಿಂದ ಅವನಿಗೆ ಬೇರೆ ಧ್ಯಾನವೇ ಇಲ್ಲ. ಹಕ್ಕಿ ಮಾರುವವನೊಬ್ಬನನ್ನು ಹುಡುಕಿ ಮಾತಾಡಿಯೂ ಆಗಿದೆ. ‘ಆರು ವಾರದ ಮರಿ ಇದೆ. ಈಗಲೇ ತಗೊಂಡು ಹೋಗಿ ಕೈಯಾರೆ ಗುಟುಕು ಕೊಟ್ಟು ಬೆಳೆಸಿದರೆ ನಿಮಗೇ ಅಂಟಿಕೊಳ್ಳುತ್ತೆ’ ಎಂದಿದ್ದಾನೆ ಆತ.

ಮನೆಯಲ್ಲಿ ಮೂರು ಪ್ರಶ್ನೆಗಳು ಎದ್ದಿವೆ. ಅಮ್ಮ ಕೇಳಿದ್ದು: ‘ಬೆಳಗಿನ ಜಾವ ಎದ್ದು ಅದಕ್ಕೆ ತಿನ್ನಿಸೋರು ಯಾರೋ?’ ಅಪ್ಪ ಕೇಳಿದ್ದು: ‘ಒಟ್ಟು ಎಷ್ಟಾಗುತ್ತೆ?’ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ಅಜ್ಜಿ ಕೇಳಿದ್ದು ಇನ್ನೂ ಸರಳ: ‘ಅಲ್ಲ ಮಗಾ, ಇಷ್ಟು ಎಳೆ ಮರಿ ಅಂತೀಯಲ್ಲ, ಅದರ ತಾಯಿ ಎಲ್ಲಿ?’

ಮೂರೂ ಒಳ್ಳೆಯ ಪ್ರಶ್ನೆಗಳೇ. ಒಂದೊಂದಕ್ಕೂ ವಿಜ್ಞಾನದಲ್ಲಿ ಉತ್ತರವಿದೆ. ಹಠ ಹಿಡಿದ ಮಗುವೂ, ಬೇಡ ಎನ್ನಲಾರದ ಹೆತ್ತವರೂ ಆ ಉತ್ತರಗಳನ್ನು ಒಟ್ಟಿಗೆ ಕೂತು ಓದುವುದು ಒಳ್ಳೆಯದು.

ದೂರದ ನೆಂಟ

ಮಕಾವ್‌ಗಳು ನಮ್ಮ ನೆಲದ ಹಕ್ಕಿಗಳಲ್ಲ. ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಕಾಡುಗಳು ಅವುಗಳ ತವರು. ಸಾಕುವವರ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ನೀಲಿ–ಹಳದಿ ಮಕಾವ್. ಪನಾಮದಿಂದ ಹಿಡಿದು ಬ್ರೆಜಿಲ್, ಬೊಲಿವಿಯಾಗಳವರೆಗೆ ಅದರ ನೆಲೆ. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅಳೆದರೆ 80ರಿಂದ 90 ಸೆಂಟಿಮೀಟರ್ ಉದ್ದ. ತೂಕ ಸುಮಾರು ಒಂದು ಕಿಲೋಗ್ರಾಂ. ನಮ್ಮ ತೆಂಗಿನ ತೋಟಗಳಲ್ಲಿ ಕಿರುಚಾಡಿಕೊಂಡು ಹಾರುವ ಹಸಿರು ಗಿಳಿಗೆ ಇದು ದೂರದ ನೆಂಟ. ಬಾಗಿದ ಕೊಕ್ಕು, ಎರಡು ಬೆರಳು ಮುಂದೆ ಎರಡು ಹಿಂದೆ ಇರುವ ಕಾಲು, ದಪ್ಪ ನಾಲಗೆ – ಇವೆಲ್ಲ ಎರಡಕ್ಕೂ ಸಮಾನ.

ಮಕಾವ್ ಮರದ ಪೊಟರೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ಮೊಟ್ಟೆಗಳನ್ನಿಟ್ಟು ಸುಮಾರು ನಾಲ್ಕು ವಾರ ಕಾವು ಕೊಡುತ್ತದೆ. ಮೊಟ್ಟೆಯೊಡೆದು ಬಂದ ಮರಿಯನ್ನು ನೋಡಿದರೆ ಇದು ಮುಂದೆ ಅಷ್ಟು ಚೆಲುವಾದ ಹಕ್ಕಿಯಾದೀತೆಂದು ನಂಬುವುದು ಕಷ್ಟ. ಮೈಮೇಲೆ ಪುಕ್ಕವಿಲ್ಲ, ಕಣ್ಣು ಬಿಟ್ಟಿರುವುದಿಲ್ಲ, ತಲೆ ಎತ್ತಿ ನಿಲ್ಲಿಸಲು ಕುತ್ತಿಗೆಗೆ ಬಲವಿಲ್ಲ. ತೂಕ 20ರಿಂದ 25 ಗ್ರಾಂ.

ಕೋಳಿಮರಿಯ ಹಾಗೆ ಹುಟ್ಟಿದ ದಿನವೇ ಎದ್ದು ಕಾಳು ಕುಕ್ಕುವ ಜಾತಿ ಇದಲ್ಲ. ಪಾರಿವಾಳ, ಗುಬ್ಬಿ, ಗಿಳಿಗಳ ಮರಿಗಳು ಹೆತ್ತವರ ಗುಟುಕನ್ನೇ ನಂಬಿ ಹುಟ್ಟುತ್ತವೆ. ಮಕಾವ್‌ನಲ್ಲಿ ತಂದೆ ತಾಯಿಗಳೆರಡೂ ಸೇರಿ ಮರಿ ಸಾಕುತ್ತವೆ. ತಿಂದ ಕಾಯಿ, ಬೀಜಗಳನ್ನು ಗಂಟಲ ಚೀಲದಲ್ಲಿ ನೆನೆಸಿ, ಮೆತ್ತಗೆ ಮಾಡಿ, ಮರಿಯ ಕೊಕ್ಕನ್ನು ತಮ್ಮ ಕೊಕ್ಕಿನಿಂದ ಹಿಡಿದು ಒಳಗೆ ಕಕ್ಕುತ್ತವೆ. ಹೆತ್ತವರ ಮೈಬಿಸಿಯಷ್ಟೇ ಬಿಸಿಯಾದ, ಅರೆ ಅರೆದ ಊಟ. ಮನುಷ್ಯ ಸಿರಿಂಜು ಹಿಡಿದು ಮಾಡಹೊರಡುವುದು ಈ ಕೆಲಸದ ನಕಲನ್ನು.

ಅಮ್ಮನ ಪ್ರಶ್ನೆ

ಮೊದಲು ಲೆಕ್ಕ. 25 ಗ್ರಾಂನ ಮರಿ ಎರಡು ತಿಂಗಳಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಆಗುತ್ತದೆ. ಅಂದರೆ 40 ಪಟ್ಟು. ಮೂರು ಕಿಲೋ ತೂಕದ ಮನುಷ್ಯನ ಕೂಸು ಇದೇ ವೇಗದಲ್ಲಿ ಬೆಳೆದರೆ ಎರಡೇ ತಿಂಗಳಲ್ಲಿ 120 ಕಿಲೋ ಆಗಬೇಕಿತ್ತು! ಇಷ್ಟು ಬೆಳೆಯುವ ಜೀವಕ್ಕೆ ಹಸಿವೂ ಅಷ್ಟೇ ಇರುತ್ತದೆ.

ಮೊದಲ ವಾರದಲ್ಲಿ ಎರಡು ಗಂಟೆಗೊಮ್ಮೆ ಗುಟುಕು ಬೇಕು, ರಾತ್ರಿಯೂ ಬಿಡುವಿಲ್ಲ. ವಾರಗಳು ಕಳೆದಂತೆ ಅಂತರ ಹೆಚ್ಚುತ್ತದೆ. ಮಾರುವವನು ಹೇಳಿದ ಆರು ವಾರದ ಮರಿಗೂ ದಿನಕ್ಕೆ ಮೂರು ನಾಲ್ಕು ಸಲ ತಿನ್ನಿಸಬೇಕು. ಬೆಳಿಗ್ಗೆ ಆರಕ್ಕೆ ಶುರುವಾದರೆ ರಾತ್ರಿ ಹತ್ತಕ್ಕೆ ಮುಗಿಯುವ ಕೆಲಸ. ನಡುವೆ ಹುಡುಗನಿಗೆ ಶಾಲೆ, ಅಪ್ಪ ಅಮ್ಮನಿಗೆ ಕಚೇರಿ. ಮದುವೆ ಮನೆಗೆ ಹೋಗಬೇಕಾದರೆ ಮರಿಯೂ ಜೊತೆಗೆ ಹೊರಡಬೇಕು.

ಒಂದು ಸಲಕ್ಕೆ ಎಷ್ಟು? ಮರಿಯ ತೂಕದ ಹತ್ತನೇ ಒಂದು ಭಾಗ ಎಂಬುದು ಸಾಕಣೆದಾರರ ಸ್ಥೂಲ ಲೆಕ್ಕ. 800 ಗ್ರಾಂನ ಮರಿಗೆ ಸುಮಾರು 80 ಮಿಲಿಲೀಟರ್. ತೂಕ ತಿಳಿಯದೆ ಈ ಲೆಕ್ಕ ನಡೆಯದು. ಆದ್ದರಿಂದ ದಿನವೂ ಬೆಳಿಗ್ಗೆ ಮೊದಲ ಗುಟುಕಿಗೆ ಮುಂಚೆ, ಹೊಟ್ಟೆ ಖಾಲಿಯಿದ್ದಾಗ, ಗ್ರಾಂ ತೋರಿಸುವ ತಕ್ಕಡಿಯಲ್ಲಿ ಮರಿಯನ್ನು ತೂಗಿ ಪುಸ್ತಕದಲ್ಲಿ ಬರೆದಿಡಬೇಕು. ಬೆಳೆಯುವ ವಯಸ್ಸಿನಲ್ಲಿ ಒಂದು ದಿನ ತೂಕ ಏರದಿದ್ದರೂ ಅದು ಎಚ್ಚರಿಕೆಯ ಗಂಟೆ. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುವುದರಲ್ಲಿ ನಿಪುಣರು. ತಕ್ಕಡಿ ಮಾತ್ರ ಸುಳ್ಳು ಹೇಳುವುದಿಲ್ಲ.

ಇನ್ನು ಬೆಚ್ಚಗಿಡುವ ಕೆಲಸ. ಹಕ್ಕಿ ಬಿಸಿರಕ್ತದ ಪ್ರಾಣಿಯೇನೋ ಹೌದು. ಆದರೆ ಎಳೆಮರಿಗೆ ಆ ಬಿಸಿಯನ್ನು ಕಾಪಾಡಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಪುಕ್ಕದ ಹೊದಿಕೆ ಇಲ್ಲ. ಮೈ ಚಿಕ್ಕದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಹೊರಮೈಯ ವಿಸ್ತಾರ ಹೆಚ್ಚು; ಅಷ್ಟೂ ಜಾಗದಿಂದ ಶಾಖ ಸೋರಿಹೋಗುತ್ತದೆ. ಸಣ್ಣ ಲೋಟದ ಕಾಫಿ ದೊಡ್ಡ ಪಾತ್ರೆಯ ಕಾಫಿಗಿಂತ ಬೇಗ ಆರುವುದು ಈ ಕಾರಣದಿಂದಲೇ. ಆಗತಾನೆ ಹುಟ್ಟಿದ ಮರಿಯನ್ನು ಸುಮಾರು 36 ಡಿಗ್ರಿ ಸೆಲ್ಸಿಯಸ್ ಇರುವ ಪೆಟ್ಟಿಗೆಯಲ್ಲಿ ಇಡಬೇಕು. ಪುಕ್ಕ ಮೂಡುತ್ತ ಬಂದಂತೆ ಶಾಖವನ್ನು ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಮೈತುಂಬ ಪುಕ್ಕ ಬಂದ ಮೇಲೆ ಮನೆಯ ಬಿಸಿಯೇ ಸಾಕು. ಮರಿ ಬಾಯಿ ತೆರೆದು ಏದುತ್ತ, ಮೈ ಕೆಂಪಾಗಿ, ರೆಕ್ಕೆ ಅಗಲಿಸಿ ಮಲಗಿದ್ದರೆ ಶಾಖ ಹೆಚ್ಚಾಗಿದೆ ಎಂದರ್ಥ. ಮುದುರಿಕೊಂಡು ನಡುಗುತ್ತಿದ್ದರೆ ಕಡಿಮೆಯಾಗಿದೆ. ಪೆಟ್ಟಿಗೆಯ ನೆಲ ನುಣುಪಾಗಿದ್ದರೆ ಮರಿಯ ಕಾಲುಗಳು ಜಾರಿ ಅಗಲವಾಗಿ, ಹಾಗೇ ಬೆಳೆದುಬಿಡುತ್ತವೆ. ಬಲ್ಬು ಹಾಕಿ ಬೆಚ್ಚಗೆ ಮಾಡಿದ ಪೆಟ್ಟಿಗೆಯಾದರೆ, ಕರೆಂಟು ಹೋದ ರಾತ್ರಿ ಮನೆಮಂದಿಗೆಲ್ಲ ಜಾಗರಣೆ.

ನಾಲ್ಕು ಡಿಗ್ರಿಯ ದಾರಿ

ಮರಿಗೆ ಕೊಡುವ ಗಂಜಿ ಯಾವುದಿರಬೇಕು? ನಮ್ಮ ಮನೆಗಳಲ್ಲಿ ಗಿಳಿ ಎಂದರೆ ಹಾಲು ಅನ್ನ ಎಂಬ ರೂಢಿ. ಅದು ಸರಿಯಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆಯನ್ನು ಒಡೆಯುವ ಕಿಣ್ವ ಹಕ್ಕಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಕ್ಕಿಗಳು ಹಾಲು ಕುಡಿದು ಬೆಳೆಯುವ ಕುಲವಲ್ಲವಲ್ಲ! ರಾಗಿ ಗಂಜಿ ಒಂದನ್ನೇ ಕೊಟ್ಟರೆ ಪ್ರೋಟೀನು, ಕೊಬ್ಬು, ವಿಟಮಿನ್ನುಗಳ ಪ್ರಮಾಣ ಸರಿಹೊಂದುವುದಿಲ್ಲ. ಗಿಳಿಮರಿಗಳಿಗೆಂದೇ ತಯಾರಿಸಿದ ಪುಡಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಪ್ರತಿ ಸಲವೂ ಹೊಸದಾಗಿ ಕಲಸಬೇಕು. ಉಳಿದದ್ದನ್ನು ಚೆಲ್ಲಬೇಕು, ಮತ್ತೆ ಬಿಸಿಮಾಡಿ ಕೊಡಬಾರದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಗಂಜಿಯ ಬಿಸಿ. ಅದು 39ರಿಂದ 41 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ತಣ್ಣಗಿದ್ದರೆ ಮರಿ ಉಗುಳುತ್ತದೆ. ನುಂಗಿದರೂ ಊಟ ಗಂಟಲ ಚೀಲದಲ್ಲೇ ನಿಂತು ಹುಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾ, ಬೂಷ್ಟುಗಳು ಬೆಳೆಯುತ್ತವೆ. 43 ಡಿಗ್ರಿ ದಾಟಿದರೆ ಇನ್ನೂ ದೊಡ್ಡ ಅಪಾಯ. ಕುತ್ತಿಗೆಯ ಬುಡದಲ್ಲಿರುವ ಗಂಟಲ ಚೀಲದ ಗೋಡೆ ತೀರ ತೆಳು. ಬಿಸಿ ಗಂಜಿ ಅಲ್ಲಿ ನಿಂತು ಒಳಗಿನಿಂದಲೇ ಸುಡುತ್ತದೆ. ಆ ದಿನ ಹೊರಗೆ ಏನೂ ಕಾಣಿಸುವುದಿಲ್ಲ. ಕೆಲವು ದಿನ ಕಳೆದ ಮೇಲೆ ಎದೆಯ ಮೇಲ್ಭಾಗದ ಚರ್ಮದಲ್ಲಿ ಹಕ್ಕಳೆ ಕಟ್ಟಿ, ತೂತು ಬಿದ್ದು, ತಿಂದ ಗಂಜಿ ಹೊರಗೆ ಸೋರತೊಡಗುತ್ತದೆ. ಪಶುವೈದ್ಯರ ಶಸ್ತ್ರಚಿಕಿತ್ಸೆಯಿಲ್ಲದೆ ಅದು ಮುಚ್ಚುವುದಿಲ್ಲ.

ತಿನ್ನಿಸಬಲ್ಲ ಬಿಸಿಗೂ ಸುಡುವ ಬಿಸಿಗೂ ನಡುವೆ ಇರುವುದು ಎರಡೇ ಡಿಗ್ರಿ. ತೀರ ತಣ್ಣಗಿನದರಿಂದ ಸುಡುವ ಬಿಸಿಯವರೆಗೆ ಅಳೆದರೂ ದಾರಿ ನಾಲ್ಕು ಡಿಗ್ರಿಯಷ್ಟೇ ಅಗಲ. ಕೈಗೆ ಮುಟ್ಟಿ ನೋಡಿ ಇದನ್ನು ಹೇಳಲಾಗದು. ಪ್ರಯೋಗಶಾಲೆಯಲ್ಲಿ ಮಾಡುವಂತೆ ಚೆನ್ನಾಗಿ ಕಲಕಿ, ಥರ್ಮಾಮೀಟರನ್ನು ಗಂಜಿಯಲ್ಲೇ ಅದ್ದಿ ನೋಡಬೇಕು. ಮೈಕ್ರೋವೇವ್ ಒಲೆಯಲ್ಲಿ ಕಾಯಿಸುವುದಂತೂ ಬೇಡ. ಅದು ಎಲ್ಲ ಕಡೆಯೂ ಸಮನಾಗಿ ಕಾಯಿಸುವುದಿಲ್ಲ. ಮೇಲೆ ಉಗುರುಬೆಚ್ಚಗಿದ್ದು ನಡುವೆ ಕೊತಕೊತ ಎನ್ನುತ್ತಿರಬಹುದು.

ಎರಡು ಕೊಳವೆಗಳು

ಹಕ್ಕಿಯ ಬಾಯಿ ತೆರೆದು ನೋಡಿದರೆ ನಾಲಗೆಯ ಬುಡದಲ್ಲಿ ಒಂದು ಸಣ್ಣ ಸೀಳು ಕಾಣುತ್ತದೆ. ಅದು ಶ್ವಾಸನಾಳದ ಬಾಗಿಲು. ಮನುಷ್ಯನಲ್ಲಿ ನುಂಗುವಾಗ ಆ ಬಾಗಿಲನ್ನು ಮುಚ್ಚಲು ಕಿರುನಾಲಗೆಯ ಕೆಳಗೆ ಒಂದು ಮುಚ್ಚಳವಿದೆ. ಹಕ್ಕಿಯಲ್ಲಿ ಆ ಮುಚ್ಚಳವಿಲ್ಲ. ಸೀಳು ತಾನೇ ಬಿಗಿದುಕೊಳ್ಳಬೇಕು. ಅದರ ಹಿಂದೆ ಅನ್ನನಾಳ. ಅದು ಕುತ್ತಿಗೆಯ ಬಲಬದಿಗೆ ಸರಿದು ಇಳಿಯುತ್ತದೆ.

ಆದ್ದರಿಂದ ತಿನ್ನಿಸುವವರು ಸಿರಿಂಜನ್ನು ಮರಿಯ ಎಡಬಾಯಿಂದ ಒಳಗಿಟ್ಟು ಬಲಬದಿಯ ಗಂಟಲಿನ ಕಡೆಗೆ ತಿರುಗಿಸುತ್ತಾರೆ. ಹಸಿದ ಮರಿ ಗುಟುಕು ಸಿಕ್ಕೊಡನೆ ತಲೆಯನ್ನು ಮೇಲೆ ಕೆಳಗೆ ಜೋರಾಗಿ ಕುಲುಕುತ್ತದೆ. ಹಾಗೆ ಕುಲುಕುವಾಗ ಶ್ವಾಸನಾಳದ ಬಾಗಿಲು ಬಿಗಿದಿರುತ್ತದೆ. ಆ ಹೊತ್ತಿನಲ್ಲಿ ಮಾತ್ರ ಗಂಜಿ ಒತ್ತಬೇಕು. ಕುಲುಕು ನಿಂತೊಡನೆ ಕೈಯೂ ನಿಲ್ಲಬೇಕು. ಮರಿ ಮುಖ ತಿರುಗಿಸಿದಾಗ ಬಲವಂತ ಮಾಡಿ ಒತ್ತಿದರೆ ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ. ಹೆಚ್ಚು ಹೋದರೆ ಮರಿ ಕೈಯಲ್ಲೇ ಸಾಯುತ್ತದೆ. ಸ್ವಲ್ಪ ಹೋದರೆ ನ್ಯುಮೋನಿಯಾ ಹಿಡಿದು ಕೆಲವು ದಿನಗಳಲ್ಲಿ ಸಾಯುತ್ತದೆ. ಮೊದಲ ಸಲ ಸಿರಿಂಜು ಹಿಡಿದವರು ಪ್ರೀತಿಯಿಂದಲೇ ಮರಿಯನ್ನು ಕಳೆದುಕೊಳ್ಳುವುದು ಹೀಗೆ. ‘ಇನ್ನೊಂದು ತುತ್ತು ತಿನ್ನಲಿ’ ಎಂಬ ಅಕ್ಕರೆಯೇ ಅಲ್ಲಿ ಮುಳುವಾಗುತ್ತದೆ.

ದಿನಕ್ಕೊಮ್ಮೆಯಾದರೂ ಗಂಟಲ ಚೀಲ ಪೂರ್ತಿ ಖಾಲಿಯಾಗಬೇಕು. ರಾತ್ರಿಯ ಗುಟುಕು ಬೆಳಗಾದರೂ ಹಾಗೆಯೇ ಉಬ್ಬಿಕೊಂಡಿದ್ದರೆ ಅದರ ಮೇಲೆ ಮತ್ತೆ ತುಂಬಬಾರದು. ಹಕ್ಕಿಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಓಡಬೇಕು. ಅಂಥ ವೈದ್ಯರು ಊರಿನಲ್ಲಿದ್ದಾರೆಯೇ ಎಂದು ಮರಿ ಬರುವ ಮುಂಚೆಯೇ ವಿಚಾರಿಸಿರಬೇಕು.

ಮರಿಯಿಂದ ಮನುಷ್ಯರಿಗೂ ಕಾಯಿಲೆ ಬರಬಹುದು. ಕ್ಲಮಿಡಿಯಾ ಸಿಟಾಸಿ ಎಂಬ ಬ್ಯಾಕ್ಟೀರಿಯಾ ಗಿಳಿಗಳ ಒಣಗಿದ ಹಿಕ್ಕೆಯ ದೂಳಿನ ಜೊತೆ ಉಸಿರಿಗೆ ಸೇರಿ ಗಿಳಿಜ್ವರ ತರುತ್ತದೆ. 1929–30ರಲ್ಲಿ ದಕ್ಷಿಣ ಅಮೆರಿಕದಿಂದ ಸಾಗಿಸಿದ ಗಿಳಿಗಳಿಂದ ಇದು ಅಮೆರಿಕ, ಯುರೋಪುಗಳ ಹಲವು ದೇಶಗಳಿಗೆ ಹರಡಿತ್ತು. ಈಗ ಔಷಧಿ ಇದೆ. ಆದರೂ ಪಂಜರದ ಹಿಕ್ಕೆಯನ್ನು ಒಣಗಿಸಿ ಗುಡಿಸದೆ, ಒದ್ದೆ ಮಾಡಿ ಒರೆಸುವುದು, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯುವುದು ತಪ್ಪಬಾರದು. ಸಾಕಿದ ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ, ಒಣಕೆಮ್ಮು ಬಂದರೆ ‘ಮನೆಯಲ್ಲಿ ಗಿಳಿ ಇದೆ’ ಎಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ತಾನಾಗಿ ತಿನ್ನುವ ದಿನ

ಮೂರು ತಿಂಗಳ ಹೊತ್ತಿಗೆ ಮರಿ ರೆಕ್ಕೆ ಬಡಿಯತೊಡಗುತ್ತದೆ. ಆಗ ಹಸಿವು ತಗ್ಗುತ್ತದೆ, ತೂಕವೂ ಸ್ವಲ್ಪ ಇಳಿಯುತ್ತದೆ. ಹಾರಬೇಕಾದ ಹಕ್ಕಿ ಹಗುರಾಗುತ್ತಿದೆ, ಅಷ್ಟೆ. ಬೇಯಿಸಿದ ಜೋಳದ ತೆನೆ, ಕುಂಬಳ, ಗಜ್ಜರಿ, ಮೊಳಕೆ ಹೆಸರುಕಾಳು, ಪರಂಗಿ ಹಣ್ಣುಗಳನ್ನು ಮುಂದಿಟ್ಟರೆ ಮೊದಲು ಆಟವಾಡಿ ಚೆಲ್ಲುತ್ತದೆ, ಆಮೇಲೆ ತಿನ್ನುತ್ತದೆ. ಗುಟುಕು ಬಿಡಿಸಲು ಆತುರ ಪಡಬಾರದು. ಕೆಲವು ಮರಿ ನಾಲ್ಕು ತಿಂಗಳಿಗೆ ಬಿಡುತ್ತವೆ, ಕೆಲವು ಇನ್ನೂ ತಡ. ಕಾಡಿನಲ್ಲಿ ಗೂಡು ಬಿಟ್ಟು ಹಾರಿದ ಮೇಲೂ ಮರಿಗೆ ಹೆತ್ತವರು ಬಹಳ ದಿನ ಗುಟುಕು ಕೊಡುತ್ತಲೇ ಇರುತ್ತಾರೆ. ಹಸಿವಿನಿಂದ ದಾರಿಗೆ ತಂದ ಮರಿ ದೊಡ್ಡದಾದ ಮೇಲೂ ಅಂಜುಬುರುಕಾಗಿ, ರೆಕ್ಕೆ ಅದುರಿಸುತ್ತ ಬೇಡುತ್ತಲೇ ಇರುತ್ತದೆ.

ದೊಡ್ಡ ಹಕ್ಕಿಗೂ ನಿಯಮಗಳುಂಟು. ಸೂರ್ಯಕಾಂತಿ ಬೀಜವೊಂದನ್ನೇ ಹಾಕಿದರೆ ವಿಟಮಿನ್ ‘ಎ’ ಮತ್ತು ಕ್ಯಾಲ್ಸಿಯಂ ಕೊರತೆ ಬರುತ್ತದೆ. ಬೆಣ್ಣೆಹಣ್ಣು ಗಿಳಿಗಳಿಗೆ ವಿಷ. ಚಾಕೊಲೇಟು, ಕಾಫಿಗಳೂ ಕೂಡದು. ಅಂಟದ ಲೇಪವಿರುವ ಬಾಣಲೆ ಅತಿಯಾಗಿ ಕಾದರೆ ಹೊರಡುವ ಅನಿಲ ಮನುಷ್ಯರಿಗೆ ಗೊತ್ತೇ ಆಗದಿರಬಹುದು. ಪಕ್ಕದ ಕೋಣೆಯ ಹಕ್ಕಿಯನ್ನು ಅದು ಕೊಲ್ಲಬಲ್ಲದು. ಸತು ಲೇಪಿಸಿದ ತಂತಿಯ ಪಂಜರವನ್ನು ಅಗಿದು ಅಗಿದು ಹಕ್ಕಿಗೆ ವಿಷವೇರುತ್ತದೆ. ಅಗಿಯಲು ಮರದ ತುಂಡು, ಮೀಯಲು ನೀರು, ದಿನಕ್ಕೆ ಕೆಲವು ಗಂಟೆ ಪಂಜರದ ಹೊರಗೆ ಓಡಾಟ, ಜೊತೆಗೆ ಮಾತು – ಇವು ಬೇಕೇಬೇಕು. ಇಲ್ಲವಾದರೆ ಬೇಸರಕ್ಕೆ ತನ್ನ ಪುಕ್ಕಗಳನ್ನು ತಾನೇ ಕಿತ್ತುಕೊಂಡು ಬೋಳಾಗುತ್ತದೆ. ಬೆಳಿಗ್ಗೆ, ಸಂಜೆ ಅದು ಹಾಕುವ ಕೂಗು ದಟ್ಟ ಕಾಡಿನಲ್ಲಿ ದೂರದ ಸಂಗಾತಿಗೆ ಕೇಳಿಸಲೆಂದು ರೂಪುಗೊಂಡದ್ದು. ಮೂರನೇ ಮಹಡಿಯ ಪಕ್ಕದ ಮನೆಯವರು ಅದನ್ನು ಹಾಗೆ ತಿಳಿಯಬೇಕೆಂದೇನೂ ಇಲ್ಲ.

ಅಜ್ಜಿಯ ಪ್ರಶ್ನೆ

‘ಅದರ ತಾಯಿ ಎಲ್ಲಿ?’ ಈ ಪ್ರಶ್ನೆಗೆ ಉತ್ತರ ಹುಡುಕಲು ಪೆರು ದೇಶಕ್ಕೆ ಹೋಗಬೇಕು. ಅದರ ಆಗ್ನೇಯ ಮೂಲೆಯಲ್ಲಿ ತಂಬೊಪಾಟಾ ನದಿಯ ದಡದ ಮಳೆಕಾಡಿನಲ್ಲಿ ಒಂದು ಸಂಶೋಧನಾ ಕೇಂದ್ರವಿದೆ. 1989ರಿಂದ ಅಲ್ಲಿ ಮಕಾವ್‌ಗಳ ಅಧ್ಯಯನ ನಡೆದಿದೆ. ಅಲ್ಲಿನ ಕೆಂಪು ಮಕಾವ್ ಎರಡರಿಂದ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲ. ಮೊದಲ ಮರಿ ಹುಟ್ಟಿ ಕೆಲವು ದಿನಗಳ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ದೊಡ್ಡ ಮರಿಗೆ ಗುಟುಕು ಸಿಗುತ್ತದೆ. ಮೂರನೆಯದೂ ನಾಲ್ಕನೆಯದೂ ಬಹುಪಾಲು ಹಸಿವಿನಿಂದಲೇ ಸಾಯುತ್ತವೆ.

1990ರ ದಶಕದ ಮೊದಲರ್ಧದಲ್ಲಿ ಸಂಶೋಧಕರು ಹೀಗೆ ಸಾಯಲಿದ್ದ ಮರಿಗಳನ್ನು ಗೂಡಿನಿಂದ ತಂದು ಕೈಗುಟುಕು ಕೊಟ್ಟು ಬೆಳೆಸಿ ಕಾಡಿಗೆ ಬಿಟ್ಟರು. ಅವುಗಳಿಗೆ ‘ಚಿಕೋಸ್’ ಎಂದು ಹೆಸರಿಟ್ಟರು; ಸ್ಪ್ಯಾನಿಷ್ ಭಾಷೆಯಲ್ಲಿ ಹುಡುಗರು ಎಂದರ್ಥ. ಹುಡುಗರು ಬದುಕಿದರು. ಪೆರು ಮತ್ತು ಕೋಸ್ಟರಿಕಾಗಳಲ್ಲಿ ಹೀಗೆ ಬಿಟ್ಟ ಕೆಂಪು ಮಕಾವ್‌ಗಳ ಲೆಕ್ಕವನ್ನು 2005ರಲ್ಲಿ ಪ್ರಕಟಿಸಿದಾಗ, ಮೊದಲ ವರ್ಷ ಶೇಕಡ 74ರಷ್ಟು, ಆಮೇಲೆ ವರ್ಷಕ್ಕೆ ಶೇಕಡ 96ರಷ್ಟು ಹಕ್ಕಿಗಳು ಉಳಿದುಕೊಂಡಿದ್ದವು. ಕಾಡಿನ ಹಕ್ಕಿಗಳ ಜೊತೆ ಜೋಡಿಯಾಗಿ ಮರಿ ಮಾಡಿದವೂ ಉಂಟು.

ಆದರೆ ಹುಡುಗರಿಗೆ ಮನುಷ್ಯರ ಭಯವೇ ಇರಲಿಲ್ಲ. ವರ್ಷಗಳು ಕಳೆದರೂ ಕೇಂದ್ರದ ಊಟದ ಮೇಜಿಗೆ ಬಂದಿಳಿದು ತಟ್ಟೆಗೆ ಕೊಕ್ಕು ಹಾಕುತ್ತಿದ್ದವು. ಕಾವಲಿರುವ ಸಂಶೋಧನಾ ಕೇಂದ್ರದಲ್ಲಿ ಅದು ತಮಾಷೆ. ಬೇಟೆಗಾರನೊಬ್ಬನ ಗುಡಿಸಿಲಿನ ಮುಂದೆ ಇಳಿದಿದ್ದರೆ? ಗುಟುಕಿನ ಜೊತೆಗೆ ತಾಯಿ ಇನ್ನೊಂದನ್ನೂ ಕೊಡುತ್ತಾಳೆ: ಯಾರು ತನ್ನವರು, ಯಾರಿಗೆ ಹೆದರಬೇಕು ಎಂಬ ತಿಳಿವಳಿಕೆ. ಅದು ಯಾವ ಪುಡಿಯಲ್ಲೂ ಇಲ್ಲ.

ಈ ಪಾಠ ಕಲಿತ ಮೇಲೆ ಅಲ್ಲಿನವರು ದಾರಿ ಬದಲಿಸಿದರು. 2017ರಿಂದ 2019ರವರೆಗಿನ ಮೂರು ಋತುಗಳಲ್ಲಿ, ಹಸಿವಿನಿಂದ ಸಾಯಲಿದ್ದ 28 ಮರಿಗಳನ್ನು ಎತ್ತಿ, ಕೆಲವು ವಾರ ಮಾತ್ರ ಕೈಗುಟುಕು ಕೊಟ್ಟು, ಒಂದೇ ಮರಿಯಿದ್ದ ಬೇರೆ ಮಕಾವ್‌ಗಳ ಗೂಡಿನಲ್ಲಿಟ್ಟರು. ಎಲ್ಲ ಮರಿಗಳನ್ನೂ ಆ ಸಾಕುತಂದೆತಾಯಿಗಳು ಒಪ್ಪಿಕೊಂಡವು. ಶೇಕಡ 89ರಷ್ಟು ಮರಿಗಳು ಬೆಳೆದು ಹಾರಿಹೋದವು. ವರ್ಷಗಟ್ಟಲೆ ಕೈಗುಟುಕು ಕೊಟ್ಟು ನುರಿತವರೇ ಕೊನೆಗೆ ಆರಿಸಿಕೊಂಡದ್ದು, ಆದಷ್ಟು ಬೇಗ ಮರಿಯನ್ನು ಹಕ್ಕಿಯ ಕೊಕ್ಕಿಗೇ ಒಪ್ಪಿಸುವ ಹಾದಿಯನ್ನು.

ಮನೆಯಲ್ಲಿ ಒಂಟಿಯಾಗಿ ಬೆಳೆದ ಮರಿಯ ಕಥೆ ಇದಕ್ಕೆ ತದ್ವಿರುದ್ಧ. ಅದಕ್ಕೆ ಮನುಷ್ಯರೇ ಬಳಗ. ನಾಲ್ಕೈದು ವರ್ಷಕ್ಕೆ ಪ್ರಾಯ ಬಂದಾಗ ಮನೆಯ ಒಬ್ಬರನ್ನು ಸಂಗಾತಿಯೆಂದು ಬಗೆದು ಉಳಿದವರ ಮೇಲೆ ಎರಗುವುದುಂಟು. ಗಟ್ಟಿ ಕಾಯಿಗಳ ಓಡನ್ನೇ ಒಡೆಯುವ ಕೊಕ್ಕು ಅದು. ‘ಗುಟುಕು ಕೊಟ್ಟರೆ ನಿಮಗೇ ಅಂಟಿಕೊಳ್ಳುತ್ತೆ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಗೊತ್ತಾಗುವುದು ಐದು ವರ್ಷದ ಮೇಲೆ. ಗುಟುಕು ಬಿಟ್ಟ ಮರಿಯೂ ಸಹನೆಯಿಂದ ನಡೆಸಿಕೊಂಡರೆ ಮನೆಮಂದಿಗೆ ಹೊಂದಿಕೊಳ್ಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ತಾನಾಗಿ ತಿನ್ನಲು ಕಲಿಯದ ಮರಿಯನ್ನು ಅಂಗಡಿಗಳು ಗಿರಾಕಿಗೆ ಮಾರುವಂತೆಯೇ ಇಲ್ಲ. ಆರು ವಾರದ ಮರಿಯನ್ನು ಅನುಭವವಿಲ್ಲದವರ ಕೈಗೆ ಕೊಡುವವನು ತನ್ನ ಕೆಲಸವನ್ನೂ ಅದರ ಅಪಾಯವನ್ನೂ ಅವರ ತಲೆಗೆ ಕಟ್ಟುತ್ತಿದ್ದಾನೆ.

ಅಪ್ಪನ ಪ್ರಶ್ನೆ

ಒಟ್ಟು ಎಷ್ಟಾಗುತ್ತದೆ? ಇದನ್ನು ರೂಪಾಯಿಯಲ್ಲಿ ಕೇಳುವ ಮುಂಚೆ ವರ್ಷಗಳಲ್ಲಿ ಕೇಳಬೇಕು. ಚೆನ್ನಾಗಿ ನೋಡಿಕೊಂಡ ನೀಲಿ–ಹಳದಿ ಮಕಾವ್ 50 ವರ್ಷವೂ ಬದುಕಬಲ್ಲದು. ಹುಡುಗನಿಗೆ ಈಗ 14. ಹಕ್ಕಿ ಮುದಿಯಾಗುವ ಹೊತ್ತಿಗೆ ಅವನಿಗೆ 64. ಅಪ್ಪನಿಗೆ ಈಗ 45 ಎಂದರೆ ಆಗ 95. ಎರಡು ವರ್ಷಕ್ಕೆ ಪಿಯುಸಿ, ನಾಲ್ಕು ವರ್ಷಕ್ಕೆ ಬೇರೆ ಊರಿನ ಕಾಲೇಜು, ಆಮೇಲೆ ಕೆಲಸ, ಮದುವೆ. ಹುಡುಗ ಹಾಸ್ಟೆಲಿಗೆ ಹೊರಟ ದಿನ ‘ಅವನೇ ನನ್ನ ಬಳಗ’ ಎಂದು ನಂಬಿದ ಹಕ್ಕಿಗೆ ಏನೆಂದು ಹೇಳುವುದು?

ಕಾನೂನಿನ ಲೆಕ್ಕವೂ ಇದೆ. ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ‘ಸೈಟ್ಸ್’ ಒಪ್ಪಂದ 1975ರಿಂದ ಜಾರಿಯಲ್ಲಿದೆ. ಭಾರತ ಅದಕ್ಕೆ 1976ರಲ್ಲಿ ಸೇರಿತು. ಕೆಂಪು ಮಕಾವ್ ಅದರ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿದೆ, ನೀಲಿ–ಹಳದಿ ಮಕಾವ್ ಎರಡನೇ ಪಟ್ಟಿಯಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಮಾಡಿದ ತಿದ್ದುಪಡಿ ಈ ಪಟ್ಟಿಗಳ ಜೀವಿಗಳನ್ನೂ ಕಾಯ್ದೆಯೊಳಗೆ ತಂದಿತು. 2024ರ ನಿಯಮಗಳ ಪ್ರಕಾರ ಇಂಥ ಹಕ್ಕಿಯನ್ನು ಇಟ್ಟುಕೊಂಡವರು ‘ಪರಿವೇಶ್’ ಜಾಲತಾಣದ ಮೂಲಕ ನೋಂದಾಯಿಸಬೇಕು. ಮರಿಯಾದರೆ, ಬೇರೆಯವರಿಗೆ ಕೊಟ್ಟರೆ, ಸತ್ತರೆ ತಿಳಿಸಬೇಕು. ಕಾಗದಪತ್ರ ತೋರಿಸದೆ ‘ಆಮೇಲೆ ಮಾಡಿಸಿಕೊಡ್ತೀನಿ’ ಎನ್ನುವವನಿಂದ ಮರಿ ತರುವುದೆಂದರೆ ತೊಂದರೆಯನ್ನೂ ಜೊತೆಗೆ ತಂದಂತೆ. ಅದಿಲ್ಲದಿದ್ದರೆ ನಮ್ಮ ಹಸಿರು ಗಿಳಿಯನ್ನಾದರೂ ಸಾಕೋಣ ಎನ್ನುವಂತೆಯೂ ಇಲ್ಲ. ನಮ್ಮ ಕಾಡಿನ, ತೋಟದ ಗಿಳಿಗಳನ್ನು ಹಿಡಿಯುವುದೂ ಸಾಕುವುದೂ ಇದೇ ಕಾಯ್ದೆಯಡಿ ಅಪರಾಧ.

ಆಸೆ ಹದ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲಿನ ಸ್ಪಿಕ್ಸ್ ಮಕಾವ್ ಸಾಕ್ಷಿ. ನೆಲೆ ನಾಶವಾಗುತ್ತ ಬಂದ ಆ ಸಣ್ಣ ನೀಲಿ ಹಕ್ಕಿಯನ್ನು ಪಂಜರಕ್ಕೆಂದು ಹಿಡಿದು ಹಿಡಿದು, ಕಾಡಿನಲ್ಲಿ ಉಳಿದಿದ್ದ ಕೊನೆಯ ಗಂಡು 2000ದಲ್ಲಿ ಕಾಣೆಯಾಯಿತು. ಸಾಕಿದ ಹಕ್ಕಿಗಳ ಸಂತತಿಯನ್ನು ಬೆಳೆಸಿ 2022ರ ಜೂನ್‌ನಲ್ಲಿ ಅಲ್ಲಿನ ಬಯಲಿಗೆ ಮತ್ತೆ ಬಿಡಲು ಶುರುಮಾಡಿದರು. ಒಂದು ಹಕ್ಕಿಯನ್ನು ಪಂಜರಕ್ಕೆ ಹಾಕಲು ಒಂದು ನಿಮಿಷ ಸಾಕು. ಕಾಡಿಗೆ ಮರಳಿಸಲು ಇಪ್ಪತ್ತೆರಡು ವರ್ಷ ಹಿಡಿಯಿತು.

ಈಗಾಗಲೇ ಸಾಕುತ್ತಿರುವವರ ಮಾತು ಬೇರೆ. ನೋಂದಣಿ ಮಾಡಿಸಿ, ಮೇಲೆ ಹೇಳಿದ ಎಚ್ಚರಿಕೆಗಳನ್ನು ಪಾಲಿಸಿ, ಕೊನೆಯವರೆಗೂ ನೋಡಿಕೊಳ್ಳುವುದೇ ಅವರ ಧರ್ಮ. ಬೇಸರವಾಯಿತೆಂದು ಕಿಟಕಿ ತೆರೆದು ಬಿಟ್ಟರೆ ಅದು ಬಿಡುಗಡೆಯಲ್ಲ. ಇಲ್ಲಿ ಅದಕ್ಕೆ ತನ್ನ ಕಾಡಿಲ್ಲ, ತನ್ನವರಿಲ್ಲ. ಏನು ತಿನ್ನಬೇಕೆಂದು ಕಲಿಸಿದವರೂ ಇಲ್ಲ.

ಹಾಗಾದರೆ ಹುಡುಗನ ಆಸೆ? ಅದನ್ನು ಗದರಿಸಿ ಅಡಗಿಸಬೇಕಾಗಿಲ್ಲ. ಮೈಸೂರಿನ ಮೃಗಾಲಯದಲ್ಲಿ ಮಕಾವ್‌ಗಳಿವೆ. ಅದೇ ಊರಿನ ಅವಧೂತ ದತ್ತ ಪೀಠದ ಶುಕವನದಲ್ಲೂ ಇವೆ. 468 ಜಾತಿಯ ಹಕ್ಕಿಗಳನ್ನು ಹೊಂದಿದ್ದಕ್ಕೆ ಆ ವನ 2017ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಒಂದು ಭಾನುವಾರ ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಗಂಟೆಹೊತ್ತು ನಿಂತು ನೋಡಬಹುದು. ಅದು ಕಾಲಿನಲ್ಲಿ ಕಾಯಿ ಹಿಡಿಯುವ ರೀತಿ, ಕೊಕ್ಕನ್ನೇ ಮೂರನೇ ಕಾಲು ಮಾಡಿಕೊಂಡು ಹತ್ತುವ ರೀತಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳಬಹುದು.

ಅದಕ್ಕೂ ಹತ್ತಿರ ಇನ್ನೊಂದಿದೆ. ಚಳಿಗಾಲ ಕಳೆಯುವ ಹೊತ್ತಿಗೆ ಊರ ಹೊರಗಿನ ಹಳೇ ಮರದ ಪೊಟರೆಯನ್ನೋ, ಒಣಗಿ ನಿಂತ ತೆಂಗಿನ ಕಾಂಡದ ತೂತನ್ನೋ ದೂರದಿಂದ ಗಮನಿಸುತ್ತಿದ್ದರೆ ಹಸಿರು ಗಿಳಿಯ ಸಂಸಾರ ಕಾಣುತ್ತದೆ. ಒಳಗೆ ಕಾವಿಗೆ ಕೂತ ಹೆಣ್ಣಿಗೆ ಗಂಡು ಬಂದು ಗುಟುಕು ಕೊಡುತ್ತದೆ. ಮುಂದೆ ಮರಿಗಳಿಗೆ ಎರಡೂ ಸೇರಿ ಕೊಡುತ್ತವೆ. ದಿನಕ್ಕೆ ಎಷ್ಟು ಸಲ ಬಂತು, ಎಷ್ಟು ಹೊತ್ತಿಗೆ ಬಂತು, ಬೆಕ್ಕು ಬಂದಾಗ ಏನು ಮಾಡಿತು ಎಂದು ಹುಡುಗ ಒಂದು ತಿಂಗಳು ಬರೆದಿಟ್ಟರೆ ಶಾಲೆಯ ವಿಜ್ಞಾನ ಮೇಳಕ್ಕೆ ಅದಕ್ಕಿಂತ ಒಳ್ಳೆಯ ಪ್ರಯೋಗ ಬೇಡ. ಬೆಳಗಿನ ಜಾವ ಅಮ್ಮ ಏಳಬೇಕಾಗಿಲ್ಲ, ಅಪ್ಪನ ಕಿಸೆಗೆ ಖರ್ಚಿಲ್ಲ. ಮರಿಯ ತಾಯಿ ಎಲ್ಲಿ ಎಂದು ಅಜ್ಜಿ ಕೇಳಿದರೆ ಬೆರಳು ಮಾಡಿ ತೋರಿಸಲೂಬಹುದು.